ಮೀಟರ್ ಜತೆಗೆ ಗಾಳಿಯ ಲೆಕ್ಕವೂ ಇರಲಿ

ಮಾನ್ಯರೇ,

ಪುರುಷರ ಉದ್ದಜಿಗಿತದ ವಿಶ್ವದಾಖಲೆಗಳ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಕಳೆದ ವಾರ ಅಚ್ಚಾದ ಪಟ್ಟಿಯಲ್ಲಿ ಹೆಸರು, ವರ್ಷ, ಮೀಟರ್ ಇಷ್ಟೇ ಇದ್ದವು. ಜಿಗಿದ ಊರಾಗಲಿ ಗಾಳಿಯ ವೇಗವಾಗಲಿ ಇರಲಿಲ್ಲ. ಜತೆಗಿದ್ದ ಟಿಪ್ಪಣಿಯಂತೂ ಅಮೆರಿಕದ ಬಾಬ್ ಬೀಮನ್ ಅವರ 8.90 ಮೀಟರ್ ಜಿಗಿತವನ್ನು ಮೆಕ್ಸಿಕೊ ನಗರದ ತೆಳುಗಾಳಿಯ ಕೊಡುಗೆ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿತ್ತು. ಶಾಲಾ ಮೈದಾನಗಳಲ್ಲಿ ಮೂರು ದಶಕ ಟೇಪು ಹಿಡಿದು ಮರಳಿನ ಮೇಲೆ ಬಾಗಿದ ನನಗೆ ಈ ಎರಡೂ ಸರಿಯೆನಿಸಲಿಲ್ಲ.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ, ಅಕ್ಟೋಬರ್ 18ರಂದು ಬೀಮನ್ ಜಿಗಿದಾಗ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ ಸರಿಯಾಗಿ 2.0 ಮೀಟರ್, ಅಂದರೆ ದಾಖಲೆಗೆ ಸಲ್ಲುವ ಕಟ್ಟಕಡೆಯ ಮಿತಿಯಲ್ಲಿತ್ತು. ಆ ನಗರ ಸಮುದ್ರಮಟ್ಟಕ್ಕಿಂತ 2,240 ಮೀಟರ್ ಎತ್ತರದಲ್ಲಿರುವುದೂ ನಿಜ. ಆದರೆ ಅದೇ ಎತ್ತರದಲ್ಲಿ, ಅದೇ ದಿನ, 8.35 ಮೀಟರ್ ವಿಶ್ವದಾಖಲೆಯನ್ನು ಹಂಚಿಕೊಂಡಿದ್ದ ರಾಲ್ಫ್ ಬಾಸ್ಟನ್ ಮತ್ತು ಇಗೊರ್ ತೆರ್-ಒವನೇಸ್ಯಾನ್ ಕ್ರಮವಾಗಿ 8.16 ಮತ್ತು 8.12 ಮೀಟರ್‌ಗೆ ನಿಂತರು. ಬೆಳ್ಳಿ ಗೆದ್ದ ಪೂರ್ವ ಜರ್ಮನಿಯ ಕ್ಲಾಸ್ ಬೇರ್ 8.19 ಮುಟ್ಟಿದರು. ಬೀಮನ್ ಜಿಗಿದ ಮೇಲೆ ಮಳೆ ಬಂದು ಉಳಿದವರಿಗೆ ತೊಡಕಾಯಿತೆಂದು ಒಪ್ಪಿದರೂ, ಬೇರ್‌ಗಿಂತ ಹೆಚ್ಚಾದ 71 ಸೆಂಟಿಮೀಟರ್‌ಗಳನ್ನು ಪೂರ್ತಿಯಾಗಿ ಹವೆಯ ಖಾತೆಗೆ ಬರೆಯಲಾಗದು. ಹಳಿಯ ಮೇಲೆ ಸರಿಸುವ ಅಳತೆಯಂತ್ರವನ್ನು ಹಳಿಯ ಕೊನೆಯವರೆಗೆ ತಂದರೂ ಮರಳಿನ ಗುರುತು ಅದಕ್ಕಿಂತ ಮುಂದಿತ್ತು. ಕಡೆಗೆ ಉಕ್ಕಿನ ಟೇಪು ಹಿಡಿದು ಅಳೆಯಬೇಕಾಯಿತು. ಅಡಿ-ಅಂಗುಲದ ಲೆಕ್ಕ ಮಾತ್ರ ಗೊತ್ತಿದ್ದ ಬೀಮನ್‌ಗೆ ಫಲಕದ ಮೇಲಿನ ಅಂಕಿ ಅರ್ಥವಾಗದೆ, 29 ಅಡಿ ದಾಟಿದ್ದನ್ನು ಬಾಸ್ಟನ್ ಹೇಳಿದ ಮೇಲೆಯೇ ಅವರು ಕಾಲಿನ ಬಲ ಕಳೆದುಕೊಂಡು ಕುಸಿದರು. ಅಮೆರಿಕದ ಜೆಸ್ಸಿ ಓವೆನ್ಸ್ 1935ರಲ್ಲಿ ಜಿಗಿದ 8.13ರಿಂದ 8.35ಕ್ಕೆ ಬರಲು ಜಗತ್ತಿಗೆ ಮೂವತ್ತು ವರ್ಷ ಹಿಡಿದಿತ್ತು. ಬೀಮನ್ ಒಂದೇ ಜಿಗಿತಕ್ಕೆ 55 ಸೆಂಟಿಮೀಟರ್ ಸೇರಿಸಿದರು.

ನಿಮ್ಮ ಪಟ್ಟಿ ಓವೆನ್ಸ್ ಅವರಿಂದಲೇ ಆರಂಭವಾಗಿದ್ದೂ ಲೋಪವೇ. ಐರ್ಲೆಂಡಿನ ಪೀಟರ್ ಓಕಾನರ್ 1901ರಲ್ಲಿ ಡಬ್ಲಿನ್‌ನಲ್ಲಿ ಜಿಗಿದ 7.61 ಮೀಟರ್ ಇಪ್ಪತ್ತು ವರ್ಷ ಬಾಳಿತು. 1935ರಲ್ಲಿ ಆನ್ ಆರ್ಬರ್‌ನಲ್ಲಿ ಓವೆನ್ಸ್ ಮರಳಿನ ಪಕ್ಕ ಕರವಸ್ತ್ರವಿಟ್ಟು ಗುರುತು ಮಾಡಿಕೊಂಡದ್ದು ಜಪಾನಿನ ಚುಹೇ ನಂಬು ಅವರ 7.98 ಮೀಟರ್ ದಾಖಲೆಯನ್ನು. ಏಷ್ಯಾದವರೊಬ್ಬರ ಹೆಸರು ವಿಶ್ವದಾಖಲೆಗಳ ಸಾಲಿನಲ್ಲಿದೆ ಎಂಬುದನ್ನು ನಮ್ಮ ಓದುಗರು ತಿಳಿಯಬೇಡವೇ?

ಗಾಳಿಯ ಅಂಕಿ ಇಲ್ಲದಿದ್ದರೆ 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಸ್ಪರ್ಧೆಯಂತೂ ಅರ್ಥವೇ ಆಗುವುದಿಲ್ಲ. ಹತ್ತು ವರ್ಷ ಉದ್ದಜಿಗಿತದಲ್ಲಿ ಸೋಲನ್ನೇ ಕಾಣದಿದ್ದ ಕಾರ್ಲ್ ಲೂಯಿಸ್ ಅಂದು ನಾಲ್ಕನೆಯ ಸುತ್ತಿನಲ್ಲಿ ಬೀಮನ್‌ಗಿಂತ ಮುಂದೆ, 8.91 ಮೀಟರ್‌ಗೆ ಇಳಿದರು. ಗಾಳಿ ಸೆಕೆಂಡಿಗೆ 2.9 ಮೀಟರ್ ಇದ್ದುದರಿಂದ ಅದು ಸ್ಪರ್ಧೆಗೆ ಸಂದಿತು, ದಾಖಲೆಗೆ ಸಲ್ಲಲಿಲ್ಲ. ಮುಂದಿನ ಸುತ್ತಿನಲ್ಲಿ ಮೈಕ್ ಪವೆಲ್ ಕೇವಲ 0.3 ಗಾಳಿಯಲ್ಲಿ 8.95 ಜಿಗಿದರು. ಅದೇ ಪವೆಲ್ ಮರುವರ್ಷ ಇಟಲಿಯ ಸೆಸ್ತ್ರಿಯೆರೆಯಲ್ಲಿ ಜಿಗಿದ 8.99 ಮೀಟರ್ 4.4ರ ಗಾಳಿಯಿಂದಾಗಿ ಪಟ್ಟಿಯ ಹೊರಗುಳಿಯಿತು. 1995ರಲ್ಲಿ ಅಲ್ಲಿಯೇ ಕ್ಯೂಬಾದ ಇವಾನ್ ಪೆಡ್ರೊಸೊ 8.96 ದಾಟಿದಾಗ ಯಂತ್ರ 1.2 ತೋರಿಸಿತ್ತಾದರೂ, ಯಾರೋ ಒಬ್ಬರು ಗಾಳಿಮಾಪಕಕ್ಕೆ ಅಡ್ಡಲಾಗಿ ನಿಂತಿದ್ದರೆಂಬ ಕಾರಣಕ್ಕೆ ಆ ದಾಖಲೆಗೆ ಮಾನ್ಯತೆ ದೊರೆಯಲಿಲ್ಲ.

2023ರ ಮಾರ್ಚ್‌ನಲ್ಲಿ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ. ಇಲ್ಲಿನ ಮಕ್ಕಳು ಆ ಅಂಕಿಯನ್ನು ಟೋಕಿಯೊ, ಮೆಕ್ಸಿಕೊಗಳ ಪಕ್ಕದಲ್ಲಿಟ್ಟು ನೋಡಬೇಕಾದರೆ ಊರು ಮತ್ತು ಗಾಳಿ ಎರಡೂ ಬೇಕು. ಇನ್ನು ಮುಂದೆ ಜಿಗಿತದ ಫಲಿತಾಂಶ ಪ್ರಕಟಿಸುವಾಗ ಮೀಟರ್‌ನ ಪಕ್ಕದಲ್ಲಿ ಊರಿನ ಹೆಸರಿಗೂ ಗಾಳಿಯ ಅಂಕಿಗೂ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಬಳ್ಳಾರಿ