ಬೆಳಿಗ್ಗೆ 11 ಗಂಟೆ ಕಳೆಯುವುದೇ ಕಷ್ಟ

ಸಂಪಾದಕರೇ,

ನನ್ನ ಕೆಲಸ ಹೋಗಿ ಏಳು ತಿಂಗಳಾಯಿತು. ದುಡ್ಡಿನ ಕಷ್ಟ ಎಲ್ಲರಿಗೂ ಗೊತ್ತಿರುವುದೇ, ಅದು ಬಿಡಿ. ನಾನು ಹೇಳಬೇಕೆಂದಿರುವುದು ಬೆಳಿಗ್ಗೆ 11 ಗಂಟೆಯ ಬಗ್ಗೆ. ಅಷ್ಟೊತ್ತಿಗೆ ಸ್ನಾನ, ತಿಂಡಿ ಆಗಿರುತ್ತದೆ, ಪೇಪರ್ ಓದಿ ಮುಗಿದಿರುತ್ತದೆ, ಅರ್ಜಿ ಹಾಕುವುದಿದ್ದರೆ ಹಾಕಿ ಆಗಿರುತ್ತದೆ, ಮನೆಯವರೆಲ್ಲ ಅವರವರ ಕೆಲಸಕ್ಕೆ ಹೊರಟುಹೋಗಿರುತ್ತಾರೆ. ಫೋನ್ ತೆಗೆದು ಮೇಲ್ ನೋಡುತ್ತೇನೆ. ಏನೂ ಬಂದಿರುವುದಿಲ್ಲ. ಮಗುಚಿ ಇಡುತ್ತೇನೆ. ಕಿಟಕಿಯ ಬಿಸಿಲು ಒಂದು ಟೈಲ್ಸ್‌ನಿಂದ ಪಕ್ಕದ ಟೈಲ್ಸ್‌ಗೆ ಸರಿಯುವಷ್ಟರಲ್ಲಿ ನಾಲ್ಕು ಸಲ ತೆಗೆದು ನೋಡಿರುತ್ತೇನೆ.

"ಟೈಮ್ ಇದೆಯಲ್ಲ, ಏನಾದರೂ ಓದು, ಹೊಸದು ಕಲಿ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇದು ಬಿಡುವಲ್ಲ. ದುಡಿಮೆ ಇದ್ದವರಿಗೆ ಸಿಗುವುದು ಬಿಡುವು. ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಸಂಶೋಧಕಿ ಮರಿ ಯಹೋಡಾ ಮತ್ತು ಜೊತೆಯವರು ಅಲ್ಲಿನ ಜನ ಹೇಗೆ ದಿನ ಕಳೆಯುತ್ತಾರೆ ಎಂದು ಹತ್ತಿರದಿಂದ ನೋಡಿ 1933ರಲ್ಲಿ ಬರೆದರು. ದಿನವಿಡೀ ಸಮಯ ಇದ್ದರೂ ಲೈಬ್ರರಿಯಿಂದ ಜನ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತಂತೆ. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಹೆಂಗಸರು ಅವರಿಗಿಂತ ಬೇಗ ನಡೆಯುತ್ತಿದ್ದರು, ಮನೆಗೆಲಸ ಅವರನ್ನು ಬಿಟ್ಟಿರಲಿಲ್ಲ ನೋಡಿ. ಇದನ್ನು ಓದಿದ ದಿನ ನನಗೆ ಅಳು ಬಂತು. ಸೋಮಾರಿ ಆಗಿಬಿಟ್ಟೆ ಎಂದು ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ.

ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿಯೂ ನೋಡಿದೆ. ಮೂರು ದಿನ ನಡೆಯಿತು. ತಪ್ಪಿದರೆ ಕೇಳುವವರಿಲ್ಲ, ಅಲ್ವಾ? ನನ್ನನ್ನು ಎತ್ತಿ ಕೂರಿಸಿದ್ದು ಪಕ್ಕದ ಮನೆಯ ಹಿರಿಯರು. ಅವರಿಗೆ ಕಣ್ಣು ಮಂಜಾಗಿದೆ. "11 ಗಂಟೆಗೆ ಬಂದು ಸ್ವಲ್ಪ ಪೇಪರ್ ಓದಿ ಹೇಳ್ತೀಯಾ?" ಎಂದರು. ಸುಮ್ನೆ ಒಪ್ಪಿಕೊಂಡೆ. ಮಾರನೇ ದಿನ ಹೋಗುವಾಗ ಹತ್ತು ನಿಮಿಷ ತಡವಾಗಿತ್ತು. ಅವರು ಎರಡು ಕುರ್ಚಿ ಎದುರುಬದುರು ಹಾಕಿ, ಪೇಪರ್ ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು. ಏನೂ ಅನ್ನಲಿಲ್ಲ. ಆಮೇಲೆ ನಾನು ಒಂದು ದಿನವೂ ತಡ ಮಾಡಿಲ್ಲ. ಶರ್ಟ್ ಇಸ್ತ್ರಿ ಮಾಡಿಕೊಂಡೇ ಹೋಗುತ್ತೇನೆ. ಅಲ್ಲಿಂದ ಬಂದ ಮೇಲೆ ಬರೆಯುವ ಅರ್ಜಿಗಳೂ ಮೊದಲಿಗಿಂತ ಚೆನ್ನಾಗಿ ಬರುತ್ತಿವೆ, ಇದು ನಿಜ.

ನಿಮ್ಮ ಓದುಗರಲ್ಲಿ ಒಂದು ಮನವಿ. ಮನೆಯಲ್ಲಿ, ಪಕ್ಕದಲ್ಲಿ ಕೆಲಸ ಇಲ್ಲದವರು ಇದ್ದರೆ, ಕಂಡಾಗಲೆಲ್ಲ "ಏನಾದ್ರೂ ಆಯ್ತಾ?" ಎಂದು ಕೇಳಬೇಡಿ. ಆಗಿದ್ದರೆ ಅವರೇ ಓಡಿಬಂದು ಹೇಳುತ್ತಾರೆ. ಅದರ ಬದಲು ಇಂಥ ದಿನ ಇಂಥ ಹೊತ್ತಿಗೆ ಬನ್ನಿ ಎಂದು ಏನಾದರೂ ಒಂದಕ್ಕೆ ಕರೆಯಿರಿ. ಮಗುವಿಗೆ ಲೆಕ್ಕ ಹೇಳಿಕೊಡುವುದಿರಲಿ, ಜೊತೆಗೆ ನಡೆಯುವುದಿರಲಿ. ಕರೆದ ಮೇಲೆ ದಯವಿಟ್ಟು ಕಾಯುತ್ತಾ ಇರಿ.

ಈ ಪತ್ರ ಅಚ್ಚಾದರೆ 11 ಗಂಟೆಗೆ ಅವರಿಗೂ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಒಬ್ಬ ಓದುಗ