ಮಾಮಾ ಮತ್ತು ಬಟ್ಟೆ ಸೋಪು

ಸೋಮವಾರದಿಂದ ನಾನು ಡ್ರಾಫ್ಟಿಂಗ್, ಅಂದರೆ ಅಳತೆಯ ನಕ್ಷೆ ಬರೆಯುವ ಕೆಲಸಕ್ಕೆ ಹೋಗುತ್ತಿದ್ದೇನೆ. ಮೂರನೇ ಸಲಕ್ಕೆ ಟೆಸ್ಟ್ ಪಾಸಾಯಿತು. ಈ ಒಂದೂವರೆ ವರ್ಷ ಮನೆಯಲ್ಲಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಫೀಸಿಗೆ ದುಡ್ಡು ಕೊಟ್ಟ ಚಿಕ್ಕಮ್ಮ, ಲ್ಯಾಪ್‌ಟಾಪ್ ಬಿಟ್ಟುಕೊಟ್ಟ ಗೆಳತಿ, ಕ್ಲಾಸ್ ಮುಗಿದರೂ ಬಾಗಿಲು ಹಾಕದೆ ಕಾಯುತ್ತಿದ್ದ ಸರ್, ಎಲ್ಲರಿಗೂ ಥ್ಯಾಂಕ್ಸ್. ಬೇಜಾರು ಮಾಡ್ಕೋಬೇಡಿ, ಉಳಿದ ಜಾಗ ನನ್ನ ಸೋದರಮಾವನಿಗೆ ಬೇಕು.

ಮಾಮಾ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ಕಟ್ಟಿಗೆಯ ಪ್ಯಾಟರ್ನ್, ಅಂದರೆ ಲೋಹ ಎರಕ ಹೊಯ್ಯುವ ಅಚ್ಚಿಗೆ ಬೇಕಾದ ಮಾದರಿ ಮಾಡುತ್ತಾರೆ. ಕಂಪ್ಯೂಟರ್ ಮುಟ್ಟಿದವರಲ್ಲ.

ಟೆಸ್ಟಿನ ಹಿಂದಿನ ರಾತ್ರಿ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ನನಗೆ ಬರುತ್ತಿತ್ತು. ಸ್ನ್ಯಾಪನ್ನು ಐಸೊಮೆಟ್ರಿಕ್‌ಗೆ (ವಸ್ತುವಿನ ಮೂರು ಮುಖ ಒಟ್ಟಿಗೆ ಕಾಣುವ ಓರೆ ಚಿತ್ರಕ್ಕೆ) ಹಾಕುವುದು, ಎಫ್5 ಒತ್ತಿ ಎಡ, ಮೇಲೆ, ಬಲ ಅಂತ ಮುಖ ಬದಲಿಸುವುದು, ವೃತ್ತಕ್ಕೆ ಎಲಿಪ್ಸ್‌ನಲ್ಲಿ ಐಸೊಸರ್ಕಲ್ ಆರಿಸುವುದು, ಎಲ್ಲ ಬಾಯಿಪಾಠ. ಆದರೆ ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಕಂಡ ಫ್ರಂಟ್, ಟಾಪ್, ಸೈಡ್ ಮೂರೂ ವ್ಯೂ ಎದುರಿಗಿಟ್ಟರೆ ವಸ್ತುವೇ ಕಣ್ಣಿಗೆ ಬರುತ್ತಿರಲಿಲ್ಲ. ವಸ್ತುವಿನಲ್ಲಿ ಕೊರೆದ ಸಂದು, ಅಂದರೆ ಸ್ಲಾಟ್, ಪ್ರತಿ ಸಲ ತಪ್ಪು ಬದಿಗೆ ಬರುತ್ತಿತ್ತು. ಹನ್ನೊಂದು ಗಂಟೆಗೆ ಮಾಮಾಗೆ ಫೋನ್ ಮಾಡಿ, ನಾಳೆ ಹೋಗಲ್ಲ ಅಂದೆ. ಅರ್ಧ ಗಂಟೆಯಲ್ಲಿ ಸ್ಕೂಟರ್ ಸದ್ದು ಕೇಳಿಸಿತು.

ಬಂದವರು ಬಚ್ಚಲಿನಿಂದ ಅವ್ವನ ಹೊಸ ಬಟ್ಟೆ ಸೋಪು ತಂದರು. ಮೊಳೆಯಿಂದ ಅದರ ಎದುರಿಗೆ ಫ್ರಂಟ್ ವ್ಯೂ ಗೀರಿದರು, ಮೇಲೆ ಟಾಪ್ ವ್ಯೂ. ಸೈಡ್ ವ್ಯೂ ಗೀರುವ ಮೊದಲು ನನ್ನ ಹಾಳೆಯ ಮೂಲೆಯಲ್ಲಿದ್ದ ಪುಟ್ಟ ಕೋನ್ ಗುರುತಿನ ಮೇಲೆ ಬೆರಳಿಟ್ಟರು. "ಇದನ್ನ ನೋಡೀಯೇನವಾ? ಫಸ್ಟ್ ಆಂಗಲ್ ಇದು. ಎಡಗಡೆ ನಿಂತು ನೋಡಿದ್ದನ್ನ ಬಲಗಡೆ ಬರದಾರ." ನಾನು ಮೂರು ತಿಂಗಳು ಅಮೆರಿಕದ ವಿಡಿಯೊ ನೋಡಿ ಕಲಿತಿದ್ದೆ. ಅವರದು ಥರ್ಡ್ ಆಂಗಲ್, ಬಲಗಡೆಯಿಂದ ಕಂಡದ್ದು ಬಲಗಡೆಯೇ ಇರುತ್ತದೆ. ನಮ್ಮಲ್ಲಿ ಉಲ್ಟಾ. ಎರಡು ಸಲ ಫೇಲಾದವಳು ಆ ಗುರುತನ್ನು ಒಮ್ಮೆಯೂ ನೋಡಿರಲಿಲ್ಲ ಅಂದರೆ ನಂಬ್ತೀರಾ?

ಆಮೇಲೆ ಕೊರೆಯಲು ಶುರು. "ಗೆರಿ ಕೂಡಸಬ್ಯಾಡ. ಪೂರ್ತಿ ಗಟ್ಟಿ ಇಟ್ಕೊ, ಎಲ್ಲಿ ತಗದಾರ ಅಷ್ಟ ನೋಡು." ಇಳಿಜಾರು ಮುಖಕ್ಕೆ ನಾನು ಕೋನ ಅಳೆದು ಗೆರೆ ಎಳೆಯುತ್ತಿದ್ದೆ. ಐಸೊಮೆಟ್ರಿಕ್‌ನಲ್ಲಿ ಕೋನ ಇದ್ದ ಹಾಗೆ ಉಳಿಯುವುದಿಲ್ಲ, ಓರೆ ಗೆರೆಯ ಉದ್ದವೂ ಸುಳ್ಳು. ಅಡ್ಡ ಅಳತೆ, ನೆಟ್ಟ ಅಳತೆ ಹಿಡಿದು ಎರಡು ತುದಿ ಗುರುತಿಸಿ ಕೂಡಿಸಬೇಕು. ಮಾಮಾ ಕತ್ತಿ ಇಡುವ ಮುಂಚೆ ಮಾಡುವುದೂ ಅದನ್ನೇ, ಎರಡು ಚುಕ್ಕೆ.

ಒಂದೂವರೆಗೆ ಡ್ರಾಯಿಂಗ್ ಸರಿ ಬಂತು. ಅಪ್ಪನಿಗೆ ತೋರಿಸಬೇಕು ಅಂತ ಎದ್ದೇ ಬಿಟ್ಟೆ. ಅವರ ಕೋಣೆಯ ಬಾಗಿಲವರೆಗೂ ಹೋದೆ. ಅಲ್ಲೇ ಕೂತು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಮಾಮಾ ಏನೂ ಅನ್ನಲಿಲ್ಲ. ಸೋಪಿನ ಚೂರೆಲ್ಲ ಒಟ್ಟುಮಾಡಿ ಪೇಪರಿಗೆ ಸುರಿದರು, ಆಮೇಲೆ ಚಹಾಕ್ಕೆ ನೀರಿಟ್ಟರು. ಬೆಳಗ್ಗೆ ಆ ಸ್ಕೂಟರಿನಲ್ಲೇ ಗೇಟಿನ ತನಕ ಬಿಟ್ಟು, ಏಳೂವರೆಯ ಶಿಫ್ಟಿಗೆ ಹೋದರು. ನಿದ್ದೆ ಮಾಡಿರಲಿಲ್ಲ.

ಇದನ್ನು ನಿನ್ನೆ ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಎಲ್ಲಾ ಬರದೀ, ಸೋಪಿನ ರೊಕ್ಕ ನಿಮ್ಮವ್ವಗ ಕೊಟ್ಟೀಯೇನು?" ಅಂದರು.