ಕ್ಯಾಂಪಲ್ಲಿ ಪೇಸ್ಟ್ ಹಂಚಿದ್ರೆ ಸಾಲ್ದು, ರಾತ್ರಿ ಹಲ್ಲುಜ್ಜೋಕೂ ಹೇಳಿ

ಸಂಪಾದಕರೇ,

ಕಾಫಿ ತೋಟದ ಕೂಲಿಯೋರು ಇರೋ ಲೈನ್ ಮನೆಗಳ ಹತ್ರ, ಶಾಲೆಗಳಲ್ಲಿ ದಂತ ತಪಾಸಣಾ ಕ್ಯಾಂಪ್ ಮಾಡಿದ ಫೋಟೋ ನಿಮ್ಮ ಪತ್ರಿಕೇಲಿ ಆಗಾಗ ಬರ್ತಿರುತ್ತೆ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಹುಳುಕು ಹಲ್ಲು ಎಣಿಸಿ, ಒಂದು ಸಣ್ಣ ಪೇಸ್ಟ್ ಕೈಗಿಟ್ಟು ಹೋದ್ರೆ ಮುಗೀತಾ?

ಕೊಡಗಿನ ಸುಂಟಿಕೊಪ್ಪ ಕಡೆ ದಿನಸಿ ಅಂಗಡಿ ಇಟ್ಕೊಂಡಿರೋನು ನಾನು, ದಿನಾ ನೋಡೋದನ್ನ ಹೇಳ್ತೀನಿ. ನಮ್ಮ ಜನ ಬೆಳಿಗ್ಗೆ ಹಲ್ಲುಜ್ಜದೆ ಕಾಫಿ ಮುಟ್ಟಲ್ಲ, ಅದೇ ಜನ ರಾತ್ರಿ ಊಟ ಆದ್ಮೇಲೆ ಇನ್ನೊಂದು ಲೋಟ ಬೆಲ್ಲದ ಕಾಫಿ ಕುಡಿದು ಹಾಗೇ ಕಂಬಳಿ ಎಳ್ಕೊಂಡು ಮಲಗ್ತಾರೆ. ನಿದ್ದೇಲಿ ಬಾಯಲ್ಲಿ ಜೊಲ್ಲು ಕಮ್ಮಿ ಆಗುತ್ತೆ, ಸಂದೀಲಿ ಉಳಿದ ಸಿಹಿ ತಿಂದು ಬ್ಯಾಕ್ಟೀರಿಯಾ ಆಸಿಡ್ ಬಿಡ್ತಾನೇ ಇರ್ತವೆ. ಬೆಲ್ಲ ಸಕ್ಕರೆ ತರ ಅಲ್ಲ ಅಂತ ವಾದ ಮಾಡೋರಿದ್ದಾರೆ, ಹಲ್ಲಿಗೆ ಎರಡೂ ಒಂದೇ. ಎರಡು ಹೊತ್ತೂ ಉಜ್ಜಬೇಕು, ರಾತ್ರಿದಂತೂ ತಪ್ಪಿಸಲೇಬಾರದು.

ಬ್ರಶ್ ವಿಷ್ಯಕ್ಕೆ ಬಂದ್ರೆ, ಎಲ್ರೂ ಕೇಳೋದೇ "ಗಟ್ಟಿದು ಕೊಡಿ ಅಣ್ಣಾ, ಮೆತ್ತಂದು ಬೇಡ". ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ತಿಕ್ಕಿ ಒಸಡು ಸರಿದು ಬೇರು ಕಾಣೋಕೆ ಶುರುವಾದ್ರೆ ತಣ್ಣೀರು ತಾಗಿದ್ರೂ ಜುಂ ಅನ್ನುತ್ತೆ, ಡಿಸೆಂಬರ್ ಚಳೀಲಂತೂ ಕೇಳೋದೇ ಬೇಡ. ಆಮೇಲೆ ಅದಕ್ಕೆ ಅಂತ ದುಬಾರಿ ಪೇಸ್ಟ್ ಕೇಳ್ಕೊಂಡು ಅವ್ರೇ ಬರ್ತಾರೆ, ನನ್ನ ವ್ಯಾಪಾರಕ್ಕೆ ಒಳ್ಳೇದು ಬಿಡಿ! ಸಾಫ್ಟ್ ಬ್ರಶ್ಶೇ ಸಾಕು, ಒಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಗೆ ಆಡಿಸ್ತಾ 2 ನಿಮಿಷ, ಒಳಬದಿ, ಹಿಂದಿನ ದವಡೆ ಹಲ್ಲು ಎಲ್ಲಾ ಸೇರಿಸಿ. ರಕ್ತ ಬಂತು ಅಂತ ಕೆಲವರು ಆ ಜಾಗ ಮುಟ್ಟೋದೇ ಬಿಡ್ತಾರೆ, ಹೆಚ್ಚಾಗಿ ಅಲ್ಲಿ ಕೊಳೆ ಕಟ್ಟಿರೋದಕ್ಕೇ ರಕ್ತ ಬರೋದು, ಮೆಲ್ಲಗೆ ಉಜ್ಜಬೇಕು, ಆದ್ರೂ ನಿಲ್ದಿದ್ರೆ ಡಾಕ್ಟ್ರಿಗೆ ತೋರಿಸ್ಬೇಕು.

ಪೇಸ್ಟಿನ ಮುಂದೆ ಲವಂಗ, ಬೇವು, ಇದ್ದಿಲು ಅಂತ ಏನೇನೋ ದೊಡ್ಡಕ್ಷರದಲ್ಲಿ ಇರುತ್ತೆ. ಹಿಂದೆ ತಿರುಗಿಸಿ ಫ್ಲೋರೈಡ್ ಎಷ್ಟು ಪಿಪಿಎಂ (ಅಂದ್ರೆ ಹತ್ತು ಲಕ್ಷ ಪಾಲಲ್ಲಿ ಎಷ್ಟು ಪಾಲು) ಅಂತ ಇದ್ಯಾ ನೋಡಿ. ನಮ್ಮ ದೇಶದಲ್ಲಿ 1000 ಪಿಪಿಎಂ ತನಕ ಹಾಕ್ಬಹುದು, ಹಾಕಿದ್ರೆ ಟ್ಯೂಬ್ ಮೇಲೆ ಬರೀಲೇಬೇಕು. ಹುಳುಕು ತಡೆಯೋದು ಆ ಫ್ಲೋರೈಡೇ. ಉಜ್ಜಿ ನೊರೆ ಉಗಿದು ಸುಮ್ನಿರಿ, ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಿದ್ರೆ ಫ್ಲೋರೈಡೂ ಚರಂಡಿ ಪಾಲು. ಮಕ್ಕಳಿಗೆ 3 ವರ್ಷದ ತನಕ ಅಕ್ಕಿಕಾಳಷ್ಟು, ಆಮೇಲೆ 6ರ ತನಕ ಬಟಾಣಿಯಷ್ಟು ಪೇಸ್ಟ್ ಸಾಕು, ಟಿವಿ ಜಾಹೀರಾತಲ್ಲಿ ತೋರಿಸೋ ಹಾಗೆ ಬ್ರಶ್ ಉದ್ದಕ್ಕೂ ಬೇಡ.

ಇದನ್ನೆಲ್ಲ ಕ್ಯಾಂಪಲ್ಲಿ ಬಾಯಲ್ಲಿ ಹೇಳೋದಲ್ಲ, ಬ್ರಶ್ ಕೈಗೆ ಕೊಟ್ಟು ಅಲ್ಲೇ ಉಜ್ಜಿಸಿ ತೋರಿಸ್ಬೇಕು. ಕಾಫಿ ಕುಯ್ಲಿನ ಟೈಮಲ್ಲಿ ಹಗಲು ಹೊತ್ತು ಇಟ್ರೆ ಕೂಲಿ ಬಿಟ್ಟು ಯಾರು ಬರ್ತಾರೆ, ಸಂಜೆ ಲೈನ್ ಹತ್ರಾನೇ ಮಾಡ್ಲಿ. ವಿರಾಜಪೇಟೇಲಿ ಡೆಂಟಲ್ ಕಾಲೇಜೇ ಇದೆ, ಅಲ್ಲಿ ಓದೋ ಮಕ್ಕಳು ಬಂದ್ರೆ ಇನ್ನೂ ಒಳ್ಳೇದು. ನೀವೂ ಅಷ್ಟೇ, ಕ್ಯಾಂಪ್ ಸುದ್ದಿ ಹಾಕುವಾಗ ಯಾರು ಉದ್ಘಾಟನೆ ಮಾಡಿದ್ರು, ವೇದಿಕೇಲಿ ಯಾರ್ಯಾರಿದ್ರು ಅನ್ನೋದ್ರ ಜೊತೆ ಅಲ್ಲಿ ಏನು ಹೇಳ್ಕೊಟ್ರು ಅಂತಾನೂ ನಾಲ್ಕು ಸಾಲು ಹಾಕಿ.

– ಒಬ್ಬ ಓದುಗ, ಸುಂಟಿಕೊಪ್ಪ